ಹತ್ತಿ ಹೊಲದ ಕೋರು, ಜಾರ್ಜಿಯಾದ್ದು

ಅಟ್ಲಾಂಟಾ

ತೀರ್ಥರೂಪ ಅಪ್ಪಾಜಿಯವರಿಗೆ ಶಿರಸಾಷ್ಟಾಂಗ ನಮಸ್ಕಾರಗಳು.

ಈ ಸಲದ ಓದು 1865ರಲ್ಲಿ ಅಂತರ್ಯುದ್ಧ ಮುಗಿದ ಮೇಲಿನ ಅಮೆರಿಕದ್ದು. ಸಂವಿಧಾನದ 13, 14, 15ನೇ ತಿದ್ದುಪಡಿಗಳಿಂದ ಗುಲಾಮಗಿರಿ ಹೋಯಿತು, ಕಪ್ಪು ಜನರಿಗೆ ಪೌರತ್ವ ಬಂತು, ಅವರ ಗಂಡಸರಿಗೆ ಮತವೂ ಬಂತು. ಹೊಲ ಮಾತ್ರ ಬರಲಿಲ್ಲ. 1865ರ ಜನವರಿಯಲ್ಲಿ ಉತ್ತರದ ಸೈನ್ಯದ ಜನರಲ್ ಶರ್ಮನ್ ಕರಾವಳಿಯಲ್ಲಿ ಬಿಡುಗಡೆಯಾದವರ ಕುಟುಂಬಕ್ಕೆ 40 ಎಕರೆವರೆಗೆ ಕೊಡಿಸಿದ್ದರು. ಅಧ್ಯಕ್ಷ ಆ್ಯಂಡ್ರೂ ಜಾನ್ಸನ್ ಅದರಲ್ಲಿ ಬಹುಪಾಲನ್ನು ಹಳೆಯ ಧಣಿಗಳಿಗೇ ಮರಳಿಸಿದರು. ಕಡೆಗೆ ಉಳಿದದ್ದು ಕೋರು, ಅಂದರೆ ಬೆಳೆಯಲ್ಲಿ ಪಾಲು ಕೊಟ್ಟು ಧಣಿಯ ಹೊಲ ಮಾಡುವುದು.

ಸ್ವಂತ ಹೇಸರಗತ್ತೆ, ನೇಗಿಲು ಇದ್ದವನು ಧಣಿಗೆ ಬೆಳೆಯ ಕಾಲುಪಾಲು ಇಲ್ಲವೇ ಮೂರರಲ್ಲೊಂದು ಕೊಡುತ್ತಿದ್ದ. ಏನೂ ಇಲ್ಲದವನು ಅರ್ಧ. ಸುಗ್ಗಿಯ ತನಕ ಗೋವಿನಜೋಳದ ಹಿಟ್ಟು, ಉಪ್ಪು ಹಚ್ಚಿದ ಹಂದಿ ಮಾಂಸ ಎಲ್ಲ ಅಂಗಡಿಯಿಂದ ಉದ್ರಿ. ಅಂಗಡಿಯವನು ನಿಂತ ಬೆಳೆಯನ್ನೇ ಅಡವು ಬರೆಸಿಕೊಳ್ಳುತ್ತಿದ್ದ, ಹತ್ತಿಯನ್ನೇ ಬಿತ್ತು ಎನ್ನುತ್ತಿದ್ದ. ಹತ್ತಿಯನ್ನು ಯಾರೂ ತಿಂದು ಮುಗಿಸಲಾರರಲ್ಲ!

ಲೆಕ್ಕ ಹಾಕಿ ನೋಡಿ. 500 ಪೌಂಡಿನ, ಅಂದರೆ ಸುಮಾರು 227 ಕಿಲೋದ ಹತ್ತಿಯ ಅಂಡಿಗೆ (ಬೇಲು) ನಾಲ್ಕು ಬಂದವು, ದರ ಪೌಂಡಿಗೆ 8 ಸೆಂಟ್ ಎನ್ನೋಣ. ಒಟ್ಟು 160 ಡಾಲರ್, ಅರ್ಧ ಕೋರಿನವನ ಪಾಲು 80. ರೊಕ್ಕ ಕೊಟ್ಟರೆ 65 ಡಾಲರಿಗೆ ಸಿಗುವ ಸಾಮಾನು ಉದ್ರಿಯಲ್ಲಿ 90 ಆಗಿದ್ದರೆ, 10 ಡಾಲರ್ ಮುಂದಿನ ವರ್ಷದ ತಲೆಗೆ. 1890ರ ದಶಕದ ನಡುವೆ ದರ 5 ಸೆಂಟಿನ ಆಸುಪಾಸಿಗೆ ಬಿತ್ತು. ಆಗ ಪಾಲು 50, ಬಾಕಿ 40. ಲೆಕ್ಕದ ಪುಸ್ತಕವೂ ಅವನ ಕೈಯಲ್ಲಿರುತ್ತಿರಲಿಲ್ಲ.

ಬಾಕಿಗಿಂತ ಕೆಟ್ಟದ್ದು ಕಾನೂನು. 1872ರಲ್ಲಿ ಇಲ್ಲಿಯ ಜಾರ್ಜಿಯಾ ರಾಜ್ಯದ ಸುಪ್ರೀಂ ಕೋರ್ಟು, ಇಂಥವನು ಗೇಣಿದಾರನಲ್ಲ, ಪಾಲಿನ ರೂಪದಲ್ಲಿ ಕೂಲಿ ಪಡೆಯುವ ಆಳು ಎಂದಿತು. ನಮ್ಮ ಕರ್ನಾಟಕದಲ್ಲಿ 1974ರ ಭೂ ಸುಧಾರಣೆಯಾದಾಗ ಫಾರಂ 7, ಅಂದರೆ ಉಳುವ ಹೊಲ ತಮ್ಮ ಹೆಸರಿಗೆ ಕೇಳುವ ಅರ್ಜಿ, ಹಾಕಿದವರು ಭೂ ನ್ಯಾಯಮಂಡಳಿಯ ಮುಂದೆ ಸಾಬೀತು ಮಾಡಬೇಕಾಗಿದ್ದದ್ದು ತಾವು ಗೇಣಿದಾರರು ಎಂಬುದನ್ನೇ. ಜಾರ್ಜಿಯಾದವನಿಗೆ ಆ ಹೆಸರೇ ಇರಲಿಲ್ಲ. 1933ರಲ್ಲಿ ಹತ್ತಿ ಬಿತ್ತನೆ ಕಡಿಮೆ ಮಾಡಲು ಸರ್ಕಾರ ಪರಿಹಾರ ಕೊಟ್ಟಿತು, ಅದೂ ಹೆಚ್ಚಾಗಿ ಧಣಿಗಳಿಗೇ ಸೇರಿತು. ಬಿತ್ತದ ಹೊಲಕ್ಕೆ ಆಳೇಕೆ ಎಂದು ಎಷ್ಟೋ ಕುಟುಂಬಗಳನ್ನು ಎಬ್ಬಿಸಿಬಿಟ್ಟರು.

ಅಜ್ಜನ ಕಾಲದ ಕೋರು ಚೀಟಿ ಟ್ರಂಕಿನಲ್ಲಿದ್ದರೆ ತಮ್ಮನಿಗೆ ಹೇಳಿ ಫೋಟೊ ಕಳಿಸಿ. ಗೊಬ್ಬರದ ಖರ್ಚು ಯಾರದೆಂದು ಬರೆದಿದೆಯೋ ನೋಡಬೇಕು. ಇಲ್ಲಿ ಆಗ ಸಾಮಾನ್ಯವಾಗಿ ಅದೂ ಅರ್ಧ ಅರ್ಧ ಇರುತ್ತಿತ್ತು.

ಅವ್ವನಿಗೆ ನಮಸ್ಕಾರ.

ನಿಮ್ಮ ಮಗ