ಬಾರಕೂರಿನ ಹಿರಿಯರಿಗೆ ಬಳ್ಳಾರಿಯಿಂದ ಧನ್ಯವಾದ

ಕತ್ತಲೆ ಬಸದಿಯ ಹತ್ತಿರ ನಮ್ಮ ಶಾಲೆಯ ಮಕ್ಕಳಿಗೆ ಊರಿನ ಇತಿಹಾಸ ಹೇಳಿದ ಹಿರಿಯರೇ, ಹೆಸರು ಕೇಳುವಷ್ಟರಲ್ಲಿ ನೀವು ಹೊರಟೇ ಬಿಟ್ಟಿರಿ. ಮಕ್ಕಳ ಮನಸ್ಸೆಲ್ಲಾ ಮಲ್ಪೆ ಬೀಚಿನ ಮೇಲಿತ್ತು, ಸುಳ್ಳು ಯಾಕೆ ಹೇಳಲಿ! ಬಾರಕೂರು ಕರಾವಳಿ ಆಳಿದ ಆಳುಪ ಅರಸರ ರಾಜಧಾನಿಯಾಗಿತ್ತು ಎಂದಾಗ ಆಕಳಿಸಿದರು. ಮುಂದೆ ಇದೇ ಊರಿನಿಂದ ವಿಜಯನಗರದ ಅಧಿಕಾರಿಗಳು ಬಾರಕೂರು ರಾಜ್ಯ, ಅಂದರೆ ಸಾಮ್ರಾಜ್ಯದ ಈ ಪ್ರಾಂತ್ಯ, ನೋಡಿಕೊಳ್ಳುತ್ತಿದ್ದರು, 16ನೇ ಶತಮಾನದಲ್ಲಿ ಹೊರದೇಶದ ಕುದುರೆಗಳು ಭಟ್ಕಳದಲ್ಲಿ ಇಳಿದು ಘಟ್ಟ ಹತ್ತಿ ಹಂಪಿಗೆ ಹೋಗುತ್ತಿದ್ದವು ಎಂದಿರಲ್ಲ, ಆಗ ಕಿವಿ ನೆಟ್ಟಗಾದವು. ಹಂಪಿ ನಮ್ಮ ಪಕ್ಕದ್ದೇ ಅಲ್ವಾ! ಕುದುರೆ ಹಡಗಿನಲ್ಲಿ ಹೇಗೆ ನಿಲ್ಲುತ್ತದೆ, ಏನು ತಿನ್ನುತ್ತದೆ ಅಂತ ಬಸ್ಸಿನಲ್ಲೂ ಪ್ರಶ್ನೆ ನಿಲ್ಲಲಿಲ್ಲ. ಅಷ್ಟು ಹೊತ್ತು ಬಿಸಿಲಲ್ಲಿ ನಿಂತು ಹೇಳಿದಿರಿ. ತುಂಬಾ ಧನ್ಯವಾದ ಸರ್. ಬಳ್ಳಾರಿ ಕಡೆ ಬನ್ನಿ, ಕೋಟೆ ಗುಡ್ಡ ನಾವು ಹತ್ತಿಸುತ್ತೇವೆ.