ಹಸುಗೂಸಿನ ಹಸಿರು ವಾಂತಿ: ಕಾಯಬೇಡಿ

ಬಾಣಂತಿ ಮನೆಗಳಿಗೆ ಹೋಗುವ ಎಲ್ಲ ಅಕ್ಕಂದಿರೂ ದಯವಿಟ್ಟು ಓದಿ. ಹಸುಗೂಸು ಹಸಿರು ವಾಂತಿ ಮಾಡಿದರೆ ಬಜೆ ತೇಯ್ದು ಕೊಟ್ಟು ಸುಮ್ನೆ ಕಾಯಬೇಡಿ. ಆ ಹಸಿರು ಪಿತ್ತರಸ. ಕರುಳಿನಲ್ಲಿ ದಾರಿ ಕಟ್ಟಿರಬಹುದು.

ಕೆಲವು ಮಕ್ಕಳಿಗೆ ಗರ್ಭದಲ್ಲೇ ಕರುಳು ತನ್ನ ಜಾಗಕ್ಕೆ ಸರಿಯಾಗಿ ಕೂತಿರುವುದಿಲ್ಲ. ಅದು ತಿರುಚಿಕೊಂಡರೆ ರಕ್ತ ಹರಿಯುವುದು ನಿಂತು, ಕೆಲವೇ ಗಂಟೆಗಳಲ್ಲಿ ಕರುಳು ಸಾಯಬಹುದು. ಹೊಟ್ಟೆ ಊದಿಲ್ಲ, ಮಲ ಹೋಗಿದೆ ಅಂತ ಸಮಾಧಾನ ಬೇಡ. ಮೊದಮೊದಲು ಎರಡೂ ಸರಿಯಾಗೇ ಇರಬಹುದು.

ವಾಂತಿಯಾದ ಬಟ್ಟೆ ಒಗೆಯದೆ ಡಾಕ್ಟರಿಗೆ ತೋರಿಸಿ. ಎಕ್ಸ್‌ರೇಯಲ್ಲಿ ಕಾಣುವ ದ್ರವವನ್ನು ಹೊಟ್ಟೆಗೆ ಬಿಟ್ಟು, ಎಕ್ಸ್‌ರೇ ತೆಗೆದು ನೋಡುತ್ತಾರೆ. ಆಪರೇಷನ್‌ನಲ್ಲಿ ತಿರುಚು ಬಿಡಿಸಿ, ಕರುಳನ್ನು ಒತ್ತುವ ಪಟ್ಟಿಗಳನ್ನು ಕತ್ತರಿಸುತ್ತಾರೆ. ಅಮೆರಿಕದ ಬೋಸ್ಟನ್‌ನ ಮಕ್ಕಳ ಸರ್ಜನ್ ವಿಲಿಯಂ ಲ್ಯಾಡ್ 1936ರಲ್ಲಿ ವಿವರಿಸಿದ ವಿಧಾನ ಇವತ್ತಿಗೂ ನಡೆಯುತ್ತಿದೆ.

ಮಕ್ಕಳ ಸರ್ಜನ್ ಇರುವ ಆಸ್ಪತ್ರೆಗೇ ಕಳಿಸಿ. 108ಕ್ಕೆ ಕರೆ ಮಾಡಿದಾಗಲೇ ‘ಹಸಿರು ವಾಂತಿ’ ಎಂದು ಹೇಳಿ.