ಪುಸ್ತಕದ ಮೂಲೆ ನುಂಗಿದ ಕೂಸು

ಸೋಮವಾರಪೇಟೆ

ಚಿ. ಸೌ. ಸುಮಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿಯ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ಕೂಸಿನ ರಟ್ಟಿನ ಪುಸ್ತಕದ (ಬೋರ್ಡ್ ಬುಕ್) ಬಗ್ಗೆ ನಿನ್ನ ಕಾಗದದಲ್ಲಿದ್ದ ಒಂದು ಸಾಲು ಮಾತ್ರ ನನ್ನ ತಲೆಯಿಂದ ಹೋಗುತ್ತಿಲ್ಲ: "ಪುಸ್ತಕದ ಮೂಲೆ ಕಚ್ಚಿ ನುಂಗಿಬಿಟ್ಟಿದ್ದಾನೆ, ಇನ್ನು ಎರಡು ವರ್ಷ ತುಂಬುವವರೆಗೆ ಪುಸ್ತಕ ಕೊಡೋದೇ ಇಲ್ಲ."

ನೆನೆದು ಮೆತ್ತಗಾದ ರಟ್ಟಿನ ಚೂರಾದರೆ ಸಾಮಾನ್ಯವಾಗಿ ಕಕ್ಕದಲ್ಲಿ ಹೋಗಿಬಿಡುತ್ತೆ. ಹಾಲು ಕುಡಿದು ಎಂದಿನಂತೆ ಆಡಿಕೊಂಡಿದ್ದರೆ ವಾಂತಿ ಮಾಡಿಸಲು ಹೋಗಬೇಡ. ನುಂಗಲಾರದೆ ಜೊಲ್ಲು ಸುರಿಸಿದರೆ, ಹಾಲು ಬೇಡವೆಂದರೆ, ಉಸಿರಲ್ಲಿ ಸದ್ದು ಬಂದರೆ, ಕೆಮ್ಮು ನಿಲ್ಲದಿದ್ದರೆ ಮಾತ್ರ ಆ ಕ್ಷಣವೇ ಆಸ್ಪತ್ರೆಗೆ ಹೊರಡು.

ಒಂದು ಪುಟವನ್ನು ಅಂಚಿನ ಕಡೆಯಿಂದ ನೋಡು. ಎರಡೂ ಮುಖಕ್ಕೆ ಚಿತ್ರ ಅಚ್ಚಾದ ಕಾಗದ, ಅದರ ಮೇಲೆ ತೆಳ್ಳಗಿನ ಲ್ಯಾಮಿನೇಶನ್, ನಡುವೆ ರಟ್ಟು. ಮುಖಕ್ಕೆ ಲ್ಯಾಮಿನೇಶನ್ ಕಾವಲಿದೆ, ಕತ್ತರಿಸಿದ ಅಂಚಿಗೆ ಏನೂ ಇಲ್ಲ. ಜೊಲ್ಲು ಒಳಗಿಳಿಯೋದು ಅಲ್ಲಿಂದಲೇ. ರಟ್ಟು ಉಬ್ಬುತ್ತೆ, ಅಂಟು ಬಿಡುತ್ತೆ, ಪದರ ಏಳುತ್ತೆ. ಆಮೇಲೆ ಹೊಸ ಹಲ್ಲಿಗೆ ಸಿಕ್ಕೋದು ಆ ಪ್ಲಾಸ್ಟಿಕ್ ಹಾಳೆ. ಅದು ಎಷ್ಟು ನೆನೆದರೂ ಮೆತ್ತಗಾಗದು, ಅಂಗುಳಕ್ಕೋ ಗಂಟಲಿಗೋ ಅಂಟಿಕೊಳ್ಳುತ್ತೆ. ನನ್ನ ಭಯ ಅದರದ್ದು. ನಮ್ಮ ಕಡೆ ಜೊಲ್ಲಿನ ಕೆಲಸವನ್ನು ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆಯೂ ಮಾಡುತ್ತೆ. ಗಾಳಿಯ ತೇವಕ್ಕೇ ಪುಟ ಡೊಂಕಾಗಿ, ಬೆನ್ನಿನ ಸಂದಿಯಲ್ಲಿ ಬೂಷ್ಟು ಹಿಡಿಯುತ್ತೆ. ಹಾಗೆ ಬೂಷ್ಟು ಹಿಡಿದದ್ದನ್ನು ಒರೆಸಿ ಮತ್ತೆ ಕೊಡಬೇಡ, ಎಸೆದುಬಿಡು.

ಮೂಲೆ ಮೆತ್ತಗಾದ ಪುಸ್ತಕಕ್ಕೆ ಸೆಲ್ಲೋಟೇಪ್ ಹಚ್ಚೋದೂ ಬೇಡ. ಟೇಪೇ ಕಿತ್ತು ಬಾಯಿಗೆ ಹೋಗುತ್ತೆ. ಎದ್ದ ಪದರವನ್ನು ಪೂರ್ತಿ ಕಿತ್ತು, ಕತ್ತರಿಯಿಂದ ಮೂಲೆಯನ್ನು ಗುಂಡಗೆ ಕತ್ತರಿಸು. ಎರಡು ಮೂರು ಪುಟ ಹಾಗಾಗಿದ್ದರೆ ಆ ಪುಸ್ತಕದ ಆಯಸ್ಸು ಮುಗಿಯಿತು. ಜೊಲ್ಲಾದಾಗ ಹಿಂಡಿದ ಬಟ್ಟೆಯಲ್ಲಿ ಒರೆಸಿ, ಪುಟ ಬಿಡಿಸಿ ನಿಲ್ಲಿಸಿ ಫ್ಯಾನಿನ ಕೆಳಗೆ ಒಣಗಿಸು. ಒಲೆಯ ಹತ್ತಿರ ಇಟ್ಟರೆ ಬೇಗ ಒಣಗುತ್ತೆ, ಅಂಟೂ ಅಷ್ಟೇ ಬೇಗ ಬಿಡುತ್ತೆ.

ಆದರೂ ನಿನ್ನ ಹೆದರಿಕೆ ಹೋಗಿರಲ್ಲ, ಗೊತ್ತು. ಡಾಕ್ಟರ್ ಹೇಳಬೇಕಾದ್ದನ್ನು ನಾನು ಬರೆಯೋದು ಸರಿಯೋ ತಪ್ಪೋ, ತಿಳಿದಿರಲಿ ಅಷ್ಟೆ. ಒಂದು ವರ್ಷದೊಳಗಿನ ಕೂಸು ಕೆಮ್ಮಲೂ ಆಗದೆ ಅಳಲೂ ಆಗದೆ ಸಿಕ್ಕಿಕೊಂಡರೆ, ಯಾರಿಂದಲಾದರೂ 108ಕ್ಕೆ ಫೋನ್ ಮಾಡಿಸು. ನೀನು ಅವನನ್ನು ಮುಂಗೈ ಮೇಲೆ ಕವುಚಿ ಹಾಕಿ, ತಲೆ ಎದೆಗಿಂತ ಕೆಳಗಿರುವಂತೆ ಹಿಡಿದು, ಹೆಗಲುಗಳ ನಡುವೆ ಅಂಗೈ ಬುಡದಿಂದ 5 ಸಲ ಗಟ್ಟಿಯಾಗಿ ತಟ್ಟು. ಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುಮೂಳೆಯನ್ನು 5 ಸಲ ಒತ್ತು. ಅದು ಹೊರಬರುವವರೆಗೆ ಹೀಗೇ ಮಾಡುತ್ತಿರು, ಪ್ರಜ್ಞೆ ತಪ್ಪಿದರೆ 108ರವರು ಹೇಳಿದಂತೆ ಮಾಡು. ಕಣ್ಣಿಗೆ ಕಾಣದ್ದಕ್ಕೆ ಬಾಯೊಳಗೆ ಬೆರಳು ಹಾಕಬೇಡ, ಇನ್ನೂ ಒಳಗೆ ಹೋಗುತ್ತೆ.

ನಮ್ಮ ಕಾಲದಲ್ಲಿ ಪುಸ್ತಕ ಎಂದರೆ ಸರಸ್ವತಿ. ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳಬೇಕು, ಕೂಸುಗಳ ಕೈಗೆ ಎಟುಕದ ಹಾಗೆ ಮೇಲಿಡಬೇಕು. ಶಾಲೆ ಸೇರುವವರೆಗೆ ನಮಗೆ ಪುಟ ತಿರುಗಿಸುವ ಸುಖವೇ ಇರಲಿಲ್ಲ ಅನ್ನೋದು ಈಗ ನೆನೆದರೆ ಸಂಕಟ. ಒಂಬತ್ತು ತಿಂಗಳಿಗೆ ಬಾಯೇ ಅವನ ಕಣ್ಣು. ವರ್ಷದ ಹೊತ್ತಿಗೆ ದಪ್ಪ ಪುಟವನ್ನು ತಾನೇ ತಿರುಗಿಸಲು ನೋಡುತ್ತಾನೆ. ಎರಡು ವರ್ಷ ತುಂಬುವವರೆಗೆ ಮುಚ್ಚಿಟ್ಟರೆ ಅದೆಲ್ಲ ತಪ್ಪಿಹೋಗುತ್ತೆ.

ಮಡಿಕೇರಿಯಲ್ಲಿ ಕೊಳ್ಳುವಾಗ ಕವರ್ ಬಿಚ್ಚಿಸಿ ನೋಡು, ನಾಚಿಕೆ ಬೇಡ. ಅಂಗೈಯಗಲ, ಹೆಚ್ಚೆಂದರೆ 15 ಸೆಂಟಿಮೀಟರ್, ಮೂಲೆ ಗುಂಡಗಿರಲಿ. ಪುಟದ ಅಂಚಿಗೆ ಉಗುರು ತಾಗಿಸು, ಪದರ ಎದ್ದರೆ ಬಿಟ್ಟುಬಿಡು. ಪೇಂಟಿನ ಘಾಟು ಹೊಡೆದರೂ ಬೇಡ. ಮಿಂಚಿನ ಪುಡಿ, ಅಂಟಿಸಿದ ಕಣ್ಣು, ಎತ್ತಿ ನೋಡುವ ಕಿಟಕಿ ಈಗಲೇ ಬೇಡ. 0-3 ಎಂದು ಬರೆದು ಅಡ್ಡಗೆರೆ ಹಾಕಿದ ಮುಖದ ಗುರುತಿದ್ದರೆ ಅದು ಮೂರು ವರ್ಷದೊಳಗಿನವರಿಗಲ್ಲ. ಒಳಗೆ ಪುಟಕ್ಕೊಂದೇ ದೊಡ್ಡ ಚಿತ್ರ ಸಾಕು: ಮುಖ, ಬೆಕ್ಕು, ಲೋಟ. ಇಡೀ ವರ್ಣಮಾಲೆ ತುರುಕಿದ ಪುಸ್ತಕ ತಂದೆತಾಯಿಯ ಸಮಾಧಾನಕ್ಕೆ ಮಾತ್ರ. ಕನ್ನಡ ಬೇಕೆಂದರೆ ಚೆನ್ನೈನ ತೂಲಿಕಾ ಪ್ರಕಾಶನದವರದು ನೋಡು, ಇಂಗ್ಲಿಷಿನ ಜೊತೆ ಕನ್ನಡವೂ ಇರುವ ಪುಸ್ತಕಗಳಿವೆ. ಕೊಟ್ಟಾಗ ಪಕ್ಕದಲ್ಲೇ ಕೂತಿರು, ತೊಟ್ಟಿಲಿನಲ್ಲಿ ಬಿಟ್ಟು ಬರಬೇಡ.

ಮಾವ ಕಳಿಸಿದ ಹಾಡುವ ಪುಸ್ತಕ ಇದೆಯಲ್ಲ, ರಟ್ಟಿಗಿಂತ ನೂರು ಪಾಲು ಹೆದರಬೇಕಾದ್ದು ಅದಕ್ಕೆ. ಒಳಗಿನ ಬಟನ್ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಟ್ಟ ಗಾಯವಾಗುತ್ತೆ. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಎಕ್ಸ್‌ರೇ ತೆಗೆಸಬೇಕು. ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಇವತ್ತೇ ಸೆಲ್ ತೆಗೆದು ಹೊರಗೆ ಹಾಕಿಸು. ಮಾವನಿಗೆ ಬೇಜಾರಾದರೆ ನನ್ನ ಹೆಸರು ಹೇಳು.

ನಿನ್ನ ದೊಡ್ಡಮ್ಮ